ಮನೆಯ ನೆಲ, ಮನೆಯವರ ಕೈ

ಅರಮನೆಗಳ ಚರಿತ್ರೆಯನ್ನು ಬರೆದವರು ಬಹು ಮಂದಿ. ಗುಡಿ ಗೋಪುರಗಳನ್ನು ಅಳೆದು ಚಿತ್ರ ಬಿಡಿಸಿದವರೂ ಉಂಟು. ಆದರೆ ನಾವು ನೀವು ದಿನವೂ ಕಾಲಿಟ್ಟು ನಡೆಯುವ ಮನೆಯ ನೆಲಕ್ಕೂ ಒಂದು ಚರಿತ್ರೆಯುಂಟೆಂಬುದು ನಮ್ಮ ನೆನಪಿಗೆ ಬರುವುದು ಅಪರೂಪ. ಓದುಗರು ಒಮ್ಮೆ ತಮ್ಮ ಕಾಲ ಕೆಳಗೆ ನೋಡಿಕೊಳ್ಳಲಿ. ಆ ನೆಲವನ್ನು ಹಾಕಿದವರು ಯಾರು? ನಾಳೆ ಅದು ಬಿರುಕು ಬಿಟ್ಟರೆ ಸರಿಪಡಿಸುವವರು ಯಾರು? 'ಫೋನು ಮಾಡಿ ಯಾರನ್ನಾದರೂ ಕರೆಸಬೇಕು' ಎಂದು ನಮ್ಮಲ್ಲಿ ಹೆಚ್ಚಿನವರು ಹೇಳಿಯೇವು. ನಮ್ಮ ಅಜ್ಜಿಯರನ್ನು ಕೇಳಿದ್ದರೆ ಈ ಪ್ರಶ್ನೆಯೇ ಅವರಿಗೆ ವಿಚಿತ್ರವೆನಿಸುತ್ತಿತ್ತು. ಮನೆಯ ನೆಲ ಮನೆಯವರ ಕೈಯಿಂದ ಹೇಗೆ ಜಾರಿತು ಎಂಬುದೇ ಈ ಲೇಖನದ ವಿಷಯ.

ಇದನ್ನು ನೋಡಲು ಸರ್ಜಾಪುರಕ್ಕಿಂತ ಒಳ್ಳೆಯ ಊರು ಬೇಕಿಲ್ಲ. ಆನೇಕಲ್ ತಾಲ್ಲೂಕಿನ ಈ ಹೋಬಳಿ ಊರು ರೇಷ್ಮೆ ನೇಯ್ಗೆಗೆ ಹೆಸರಾದುದು. ಈಗ ಬೆಂಗಳೂರಿನಿಂದ ಇಲ್ಲಿಗೆ ಬರುವ ರಸ್ತೆಯ ಎರಡು ಬದಿಗಳಲ್ಲಿಯೂ ಕಂಪ್ಯೂಟರ್ ಕಂಪನಿಗಳೂ ಬಹುಮಹಡಿಯ ಮನೆಗಳೂ ಎದ್ದಿವೆ. ಊರಿಗಿಂತ ರಸ್ತೆಯೇ ಹೆಚ್ಚು ಪ್ರಸಿದ್ಧವಾಗಿಬಿಟ್ಟಿದೆ. ಹಳೆಯ ಬೀದಿಯಿಂದ ಹೊರಟು ಈ ರಸ್ತೆ ಹಿಡಿದರೆ ಮಣ್ಣಿನ ನೆಲ, ಚಪ್ಪಡಿ ನೆಲ, ಗಾರೆ ನೆಲ, ರೆಡ್ ಆಕ್ಸೈಡ್ ನೆಲ, ಮೊಸಾಯಿಕ್, ಕನ್ನಡಿಯಂತೆ ಹೊಳೆಯುವ ಟೈಲ್ಸ್, ಕೊನೆಗೆ ಮರದ ವೇಷ ಹಾಕಿದ ಲ್ಯಾಮಿನೇಟ್ ಹಲಗೆ, ಹೀಗೆ ಕೆಲವೇ ಮೈಲಿಗಳಲ್ಲಿ ನೆಲದ ಚರಿತ್ರೆಯೆಲ್ಲ ಕಾಲಿಗೆ ತಗಲುತ್ತದೆ.

ಪಂಡಿತ ಪಾಠ ಓದಿದವನಿಗೆ ಶಬ್ದದಿಂದ ತೊಡಗದೆ ಸಮಾಧಾನವಿಲ್ಲ, ಓದುಗರು ಮನ್ನಿಸಬೇಕು. 'ನೆಲ' ಎಂಬುದು ಅಚ್ಚಗನ್ನಡ ಪದ. ಭೂಮಿಯೂ ನೆಲವೇ, ಮನೆಯೊಳಗಿನ ತಳವೂ ನೆಲವೇ. ನೆಲೆ, ನೆಲಸು ಎಂಬ ಮಾತುಗಳು ಇದರ ಒಡಹುಟ್ಟುಗಳು. ಹೊರಗಿನ ಭೂಮಿಗೂ ಒಳಗಿನ ತಳಕ್ಕೂ ಹೆಸರು ಒಂದೇ ಆಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಮೊದಲ ನೆಲ ಹೊರಗಿನ ಮಣ್ಣೇ ತಾನೆ!

ಆ ಮಣ್ಣಿನ ನೆಲವನ್ನು ಹಗುರವಾಗಿ ಕಾಣಬಾರದು. ಕೆಮ್ಮಣ್ಣನ್ನು ಹುಡಿಮಾಡಿ, ಹದವಾಗಿ ನೀರು ಚಿಮುಕಿಸಿ, ಪದರಪದರವಾಗಿ ಹರಡಿ, ದಿಮ್ಮಸಿನಿಂದ ಬಡಿದು ಗಟ್ಟಿಮಾಡುತ್ತಿದ್ದರು. ನೀರು ಹೆಚ್ಚಾದರೆ ಒಣಗುವಾಗ ಬಿರಿಯುತ್ತದೆ; ಕಡಮೆಯಾದರೆ ಹುಡಿ ಏಳುತ್ತದೆ. ಹದ ತಿಳಿಯಲು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುವುದೊಂದೇ ದಾರಿ. ಮೇಲೆ ಸಗಣಿಯಿಂದ ಸಾರಿಸಿದರೆ ಸಗಣಿಯ ನಾರು ಮಣ್ಣನ್ನು ಹಿಡಿದುಕೊಂಡು ಧೂಳು ಏಳದಂತೆ ನೋಡಿಕೊಳ್ಳುತ್ತಿತ್ತು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಬಳಿಯುವುದಕ್ಕೆ ಕಾರಣೆ ಎಂದು ಹೆಸರು. 'ಸಾರಣೆ ಕಾರಣೆ' ಎಂಬ ಜೋಡಿಮಾತು ಹಬ್ಬದ ಸಿದ್ಧತೆಗೆಲ್ಲ ಸಲ್ಲುವಂತೆ ಬೆಳೆಯಿತು. ಈ ಕೆಲಸಕ್ಕೆ ಕೂಲಿಯಿಲ್ಲ, ಮೇಸ್ತ್ರಿಯಿಲ್ಲ. ಮಾಡುತ್ತಿದ್ದವರು ಮನೆಯ ಹೆಂಗಸರು. ಇಂಥ ನೆಲ ಎಂದೂ ಮುಗಿದ ಕೆಲಸವಲ್ಲ. ವಾರವಾರವೂ ಹೊಸದಾಗಿ ಮಾಡಬೇಕಾದುದು. ಅದರ ದುಡಿಮೆ ಎಷ್ಟು ಸೊಂಟಗಳನ್ನು ಬಗ್ಗಿಸಿತೆಂಬುದನ್ನು ಮರೆತು 'ಆ ಕಾಲವೇ ಚೆನ್ನ' ಎಂದು ಹಾಡುವುದು ನನಗೆ ಒಪ್ಪಿಗೆಯಿಲ್ಲ.

ನೇಕಾರರ ಮನೆಯಲ್ಲಿ ನೆಲಕ್ಕೆ ಇನ್ನೂ ಒಂದು ಕೆಲಸವಿತ್ತು. ಕುಳಿಮಗ್ಗವನ್ನು ಕಂಡವರಿಗೆ ಇದು ಗೊತ್ತು. ನೆಲದಲ್ಲಿ ಒಂದು ಕುಳಿ ತೋಡಿ, ಅದರ ಅಂಚಿನಲ್ಲಿ ನೇಕಾರನು ಕುಳಿತು, ಕಾಲನ್ನು ಕುಳಿಯೊಳಗೆ ಇಳಿಬಿಟ್ಟು, ಅಲ್ಲಿರುವ ತುಳಿಗೋಲುಗಳನ್ನು ಒತ್ತುತ್ತಾನೆ. ಹಾಸುನೂಲು ನೆಲಕ್ಕೆ ಹತ್ತಿರವಿರುವುದರಿಂದ ಮಣ್ಣಿನ ತಂಪು ಅದಕ್ಕೆ ತಗಲಿ ಎಳೆ ಬೇಗ ಹರಿಯುವುದಿಲ್ಲ. ಆದ್ದರಿಂದ ಅಲ್ಲಿ ನೆಲವೇ ಮಗ್ಗದ ಒಂದು ಅಂಗ. ಮಗ್ಗದ ಚೌಕಟ್ಟನ್ನು ಬಡಗಿ ಮಾಡಿಕೊಟ್ಟರೂ, ಸಡಿಲವಾದ ಗೂಟಕ್ಕೆ ಬೆಣೆ ಹೊಡೆಯುವುದು, ಒರಟಾದ ಲಾಳಿಯನ್ನು ಉಜ್ಜಿ ನುಣುಪುಮಾಡುವುದು ಇವಕ್ಕೆ ಯಾವ ನೇಕಾರನೂ ಬಡಗಿಯ ದಾರಿ ಕಾಯುತ್ತ ಕೂಡಲಾರ. ಇಂದು 'ಹವ್ಯಾಸಿ ಬಡಗಿ' ಎಂದು ನಾವು ಹೇಳುವುದು ಅವನಿಗೆ ಹವ್ಯಾಸವಲ್ಲ, ಹೊಟ್ಟೆಪಾಡು. ಮಗ್ಗ ನಿಂತ ಮನೆಗಳಲ್ಲಿ ಕುಳಿಯನ್ನು ಮುಚ್ಚಿ ಮೇಲೆ ಟೈಲ್ಸ್ ಹಾಸುವುದುಂಟು. ಆಮೇಲೆ ಅಲ್ಲಿ ಕುಳಿ ಇತ್ತೆಂಬುದೇ ಮಕ್ಕಳಿಗೆ ತಿಳಿಯದು.

ಮಣ್ಣಿನ ಬಳಿಕ ಕಲ್ಲು. ಬೆಂಗಳೂರು ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಬೇಲಿಗೂ ಚಪ್ಪಡಿ, ಮಾಡಿಗೂ ಚಪ್ಪಡಿ, ನೆಲಕ್ಕೂ ಚಪ್ಪಡಿ. ಇದನ್ನು ಬಂಡೆಯಿಂದ ಎಬ್ಬಿಸುತ್ತಿದ್ದ ರೀತಿ ಬಹು ಸೊಗಸಾದುದು. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹೂಡಿ, ಆ ಸಾಲನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತ ಹೋಗುವುದು. ಕಾದ ಮೇಲ್ಪದರ ಹಿಗ್ಗಿ ಅಡಿಯ ತಣ್ಣನೆಯ ಬಂಡೆಯಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಬಿಟ್ಟಿದೆಯೆಂಬುದನ್ನು ಕಲ್ಲುಕುಟಿಗನು ಸುತ್ತಿಗೆಯಿಂದ ತಟ್ಟಿ, ಸದ್ದು ಆಲಿಸಿ ಹೇಳುತ್ತಿದ್ದ. ಈ ಕೌಶಲವನ್ನು ಕಂಡು ಬೆರಗಾದ ವಾರ್ಥ್ ಎಂಬವರು 1895ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಇದನ್ನು ವಿವರಿಸಿ ಬರೆದರು. ನಮ್ಮ ಕಲ್ಲುಕುಟಿಗರ ಕಿವಿ ವಿಜ್ಞಾನ ಪತ್ರಿಕೆಯನ್ನು ಮುಟ್ಟಿತೆಂಬುದು ಸಂತೋಷದ ಮಾತಲ್ಲವೆ? ಆದರೆ ಗಮನಿಸಿರಿ: ಚಪ್ಪಡಿ ಬಂದ ಮನೆಯಲ್ಲಿ ನೆಲ ಹಾಕುವ ಕೆಲಸ ಮನೆಯವರ ಕೈಯಿಂದ ಕಸುಬುದಾರನ ಕೈಗೆ ಹೋಯಿತು. ಮನೆಯವರಿಗೆ ಉಳಿದದ್ದು ತೊಳೆಯುವ ಕೆಲಸ.

ಗಾರೆಯದೂ ಇದೇ ಕತೆ. ಸುಣ್ಣ, ಮರಳು, ಇಟ್ಟಿಗೆಯ ಪುಡಿ, ಜೊತೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಎತ್ತು ಕಟ್ಟಿದ ಗಾಣದಲ್ಲಿ ಇದನ್ನು ಅರೆದು, ಹಾಸಿ, ತಟ್ಟಿ, ಉಜ್ಜಿದರೆ ನೆಲ ನುಣುಪಾಗಿ ಹೊಳೆಯುತ್ತಿತ್ತು. ಇಟ್ಟಿಗೆ ಪುಡಿಯ ಈ ಸುರ್ಕಿ ಗಾರೆಯ ಬಲವೆಷ್ಟೆಂದು ತಿಳಿಯಬೇಕಾದರೆ ಕನ್ನಂಬಾಡಿಗೆ ಹೋಗಿ ನೋಡಿರಿ. 1911ರಲ್ಲಿ ತೊಡಗಿದ ಆ ಅಣೆಕಟ್ಟನ್ನು ಕಟ್ಟಿದುದು ಸುರ್ಕಿ ಗಾರೆಯಿಂದ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿಯಿತು. ಇಲಿ ಬಿಲ ತೋಡುವ ಮಣ್ಣಿನ ನೆಲ, ಗಾಳಿಯಿಲ್ಲದ ಇಕ್ಕಟ್ಟಿನ ಓಣಿ ಇವನ್ನು ಕಂಡು ಜನ ಹೆದರುವಂತಾಯಿತು. ಮಲ್ಲೇಶ್ವರ, ಬಸವನಗುಡಿಗಳಂಥ ಬಡಾವಣೆಗಳು ಬೆಳೆದವು. ಮುಂದೆ ಸಿಮೆಂಟು ಬಳಕೆಗೆ ಬಂದಿತು. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಭದ್ರಾವತಿಯ ಕಾರ್ಖಾನೆಯಲ್ಲಿ 1930ರ ದಶಕದ ಕೊನೆಗೆ ಸಿಮೆಂಟೂ ತಯಾರಾಗತೊಡಗಿತು. ಆಗ ಮನೆಮನೆಯ ಒಲವಾಗಿ ಹರಡಿದುದು ರೆಡ್ ಆಕ್ಸೈಡ್ ನೆಲ. ಇದರಲ್ಲಿ ನನಗೆ ಪ್ರಿಯವಾದ ಒಂದು ಸಂಗತಿಯುಂಟು. ಕಾರಣೆಯ ಕೆಮ್ಮಣ್ಣಿಗೆ ಕೆಂಪು ಕೊಟ್ಟದ್ದು ಕಬ್ಬಿಣದ ಆಕ್ಸೈಡು. ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಕೆಂಪು ಪುಡಿಯೂ ಅದೇ. ಹೊಸ ನೆಲ ಹಳೆಯ ಬಣ್ಣವನ್ನೇ ಉಟ್ಟುಕೊಂಡು ಒಳಗೆ ಬಂದಿತೆನ್ನಬಹುದು.

ಸಿಮೆಂಟಿಗೆ ಈ ಪುಡಿಯನ್ನು ಬೆರೆಸಿ, ತಳದ ಗಾರೆ ಇನ್ನೂ ಹಸಿಯಿರುವಾಗಲೇ ಮೇಲೆ ಹಚ್ಚಿ, ಕರಣೆಯಿಂದ ಒತ್ತಿ ಒತ್ತಿ ಉಜ್ಜಬೇಕು. ಒಂದು ಕೋಣೆ ಒಂದೇ ಉಸಿರಿನಲ್ಲಿ ಮುಗಿಯಬೇಕು; ನಡುವೆ ನಿಂತರೆ ಕೂಡಿದ ಗೆರೆ ಕಾಣುತ್ತದೆ. ಆಮೇಲೆ ಎಷ್ಟೋ ದಿನ ನೀರು ಕಟ್ಟಿ ನಿಲ್ಲಿಸಬೇಕು. ಮೇಸ್ತ್ರಿ ಹೋದ ಮೇಲೆ ಮನೆಯವರ ಸರದಿ: ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಿಂದ ತಿಕ್ಕುವುದು. ವರುಷಗಳು ಕಳೆದಂತೆ ಮನೆಯವರ ಅಂಗಾಲುಗಳೇ ಅದಕ್ಕೆ ಹೊಳಪು ಕೊಡುತ್ತವೆ. ಒಂದೇ ಕೊರತೆ, ಬಿರುಕು ಬಿಟ್ಟರೆ ತೇಪೆಯ ಬಣ್ಣ ಮಾತ್ರ ಹೊಂದುವುದಿಲ್ಲ. ಟೈಲ್ಸ್ ನೆಲದಲ್ಲಿ ಆ ಅರ್ಧ ಪಾಲೂ ಮನೆಯವರಿಗೆ ಉಳಿಯಲಿಲ್ಲ. ಒಡೆದರೆ ಕಿತ್ತು ಬೇರೆ ಹಾಕಬೇಕು. ನಾಲ್ಕು ವರುಷದ ಮೇಲೆ ಅದೇ ಬಗೆಯದು ಅಂಗಡಿಯಲ್ಲಿ ಸಿಗುವುದೇ ಅನುಮಾನ.

ನೆಲದ ಮಾತು ಹೀಗಾಯಿತು. ಮರಗೆಲಸದ ಹತಾರಗಳ ಕತೆ ಇದಕ್ಕೆ ಎದುರು ದಿಕ್ಕಿನಲ್ಲಿ ಹರಿದಿದೆ. ಅವು ಮೊದಲು ಕಸುಬಿನವರ ಕೈಯಲ್ಲಿದ್ದು ಆಮೇಲೆ ಮನೆಯೊಳಕ್ಕೆ ಬಂದವು. ಹೆಸರುಗಳನ್ನೇ ನೋಡಿರಿ. ಬಡಗಿ ಎಂಬುದು ಸಂಸ್ಕೃತದ ವರ್ಧಕಿಯ ತದ್ಭವ. ಗರಗಸವು ಕ್ರಕಚದಿಂದ ಬಂದದ್ದು. ಉಳಿ ಮಾತ್ರ ನಮ್ಮದೇ. ಇನ್ನು ಹಲಗೆ ಹೆರೆಯುವ ಹತಾರಕ್ಕೆ ಉಜ್ಜುಗೊರಡು ಎಂಬ ಸೊಗಸಾದ ಹೆಸರಿದ್ದರೂ ಕೆಲಸಗಾರರ ಬಾಯಲ್ಲಿ ಓಡುವುದು ತೋಪಡವೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರಿಗೆ ಬಾಚಿಕಾಯಕದ ಬಸವಯ್ಯ ಎಂದೇ ಹೆಸರು. ಹತಾರವೇ ಹೆಸರಿಗೆ ಅಂಟಿಕೊಂಡ ವಚನಕಾರ! ಬೆಂಗಳೂರು ಕೋಟೆಯ ಬಳಿ 1791ರಲ್ಲಿ ಪೂರ್ತಿಯಾದ ಟೀಪುವಿನ ಅರಮನೆಯ ತೇಗದ ಕಂಬಗಳನ್ನು ನೋಡುವವರು ಅವುಗಳ ಬುಡವನ್ನೂ ನೋಡಬೇಕು. ಕಂಬ ನೇರವಾಗಿ ನೆಲಕ್ಕೆ ಇಳಿದಿಲ್ಲ. ಕಲ್ಲಿನ ಪೀಠದ ಮೇಲೆ ನಿಂತಿದೆ. ನೆಲದ ತೇವಕ್ಕೂ ಗೆದ್ದಲಿಗೂ ಮರವನ್ನು ಒಪ್ಪಿಸಬಾರದೆಂಬ ಈ ಅರಿವು ಹಳ್ಳಿಯ ಪಡಸಾಲೆಯ ಕಂಬದಲ್ಲಿಯೂ ಕಾಣುತ್ತದೆ.

ಕಸುಬನ್ನು ಅರಿಯದ ಗೃಹಸ್ಥನಿಗಾಗಿ ಗ್ರಂಥ ಬರೆಯುವ ವಾಡಿಕೆ ನಮ್ಮಲ್ಲಿ ಹೊಸದಲ್ಲ. ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಮನೆ ಕಟ್ಟುವ ವಿಚಾರ, ನೀರಿನ ಸೆಲೆ ಕಾಣುವುದು, ಗಿಡಮರಗಳ ಆರೈಕೆ, ಅಡುಗೆ ಎಲ್ಲವೂ ಇವೆ. ಇಂಗ್ಲೆಂಡಿನಲ್ಲಿ ಜೋಸೆಫ್ ಮಾಕ್ಸನ್ ಎಂಬವನು ಬಡಗಿ, ಕಮ್ಮಾರರ ಕೈಚಳಕವನ್ನು ಓದುಗರಿಗಾಗಿ ಬರೆದು ಹೊರಡಿಸತೊಡಗಿದ್ದು 1677ರ ಸುಮಾರಿಗೆ. ಚಾವುಂಡರಾಯನದು ಬಡಗಿಯ ಕೈಪಿಡಿಯಲ್ಲ, ನಿಜ. ಆದರೆ ತಿಳಿವಳಿಕೆಯನ್ನು ಕನ್ನಡದಲ್ಲಿ ಮನೆಯವನ ಕೈಗೆ ಕೊಡಬೇಕೆಂಬ ಬುದ್ಧಿ ಅವನದು.

ಉಳಿಯನ್ನು ಎಲ್ಲ ಮಕ್ಕಳ ಕೈಗೂ ಕೊಡುವ ಯೋಚನೆ ಬಂದದ್ದು ಉತ್ತರ ಯೂರೋಪಿನಿಂದ. ಊನೋ ಸಿಗ್ನೇಯಸ್ ಎಂಬ ಪಾದ್ರಿಯ ಪ್ರಯತ್ನದಿಂದ ಫಿನ್ಲೆಂಡಿನಲ್ಲಿ 1866ರಲ್ಲಿ ಕೈಗೆಲಸವು ಶಾಲೆಯ ಪಾಠವಾಯಿತು. ಸ್ವೀಡನ್ನಿನ ಓಟ್ಟೊ ಸಾಲೋಮನ್ ಅದನ್ನು ಉಪಾಧ್ಯಾಯರಿಗೆ ಕಲಿಸಿ ನಾನಾ ದೇಶಗಳಿಗೆ ಹರಡಿದನು. ಬಡಗಿಯನ್ನು ತಯಾರಿಸುವುದು ಅವರ ಗುರಿಯಲ್ಲ. ಕಣ್ಣನ್ನೂ ಕೈಯನ್ನೂ ಪಳಗಿಸುವುದು ಗುರಿ. ನಮ್ಮಲ್ಲಿ ಗಾಂಧೀಜಿ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣವು ಇನ್ನೂ ಮುಂದೆ ಹೋಗಿ, ಕೈಕಸುಬಿನ ಮೂಲಕವೇ ಉಳಿದ ಪಾಠಗಳೂ ನಡೆಯಬೇಕೆಂದಿತು. 1977ರಲ್ಲಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬ ಉದ್ದ ಹೆಸರಿನಲ್ಲಿ ಅದು ಮತ್ತೆ ಬಂದಿತು. ವೇಳಾಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ವಾರದ ಕೊನೆಯ ಪೀರಿಯಡ್ಡು. ಪರೀಕ್ಷೆ ಹತ್ತಿರವಾದರೆ ಅದೂ ಗಣಿತಕ್ಕೆ ಹೋಗುವುದನ್ನು ಉಪಾಧ್ಯಾಯರೆಲ್ಲ ಬಲ್ಲೆವು. ಹುಡುಗರು ಹತ್ತನೆಯ ತರಗತಿ ಮುಗಿಸುವುದರೊಳಗೆ ತ್ರಿಕೋನದ ಪ್ರಮೇಯವನ್ನೆಲ್ಲ ಒಪ್ಪಿಸುತ್ತಾರೆ. ಎರಡು ರೀಪುಗಳನ್ನು ಲಂಬವಾಗಿ ಕೂಡಿಸೆಂದರೆ ಮೂಲೆಮಟ್ಟವನ್ನು ಎಲ್ಲಿಡಬೇಕೆಂದು ತಿಳಿಯದು.

ಶಾಲೆ ಮಾಡದೆ ಬಿಟ್ಟುದನ್ನು ಪ್ಲೈವುಡ್ ಮಾಡಿತೆಂದರೆ ನಗಬೇಡಿರಿ. ಹಲಸು, ಹೊನ್ನೆ, ತೇಗ ಯಾವುದೇ ಆಗಲಿ, ಹಸಿಮರ ಒಣಗುವಾಗ ಅಡ್ಡಕ್ಕೆ ಕುಗ್ಗಿ ಸೊಟ್ಟಗಾಗುತ್ತದೆ. ಅದನ್ನು ನೆರಳಿನಲ್ಲಿ ಒಟ್ಟಿ, ತಿಂಗಳುಗಟ್ಟಲೆ ಆರಿಸಿ, ತೋಪಡ ಹೊಡೆದು ಹದಕ್ಕೆ ತರುವುದು ಬಿಡುವಿನ ವೇಳೆಯ ಕೆಲಸವಲ್ಲ. ಪ್ಲೈವುಡ್ಡಿನಲ್ಲಿ ತೆಳುವಾದ ಪದರಗಳನ್ನು ಒಂದರ ನಾರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಅಂಟಿಸುವುದರಿಂದ ಒಂದು ಪದರ ಇನ್ನೊಂದನ್ನು ಹಿಡಿದು ಸೊಟ್ಟಗಾಗಲು ಬಿಡುವುದಿಲ್ಲ. ಈ ವಿದ್ಯೆಗೆ ಬೆಂಗಳೂರು ಹಳೆಯ ಮನೆ. ಮಲ್ಲೇಶ್ವರದಲ್ಲಿ ಮೈಸೂರು ಸಂಸ್ಥಾನವು 1938ರಲ್ಲಿ ತೆರೆದ ಅರಣ್ಯ ಸಂಶೋಧನಾಲಯವೇ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಪೀಣ್ಯದ ಬಳಿ ತುಮಕೂರು ರಸ್ತೆಯಲ್ಲಿ ಪ್ಲೈವುಡ್ಡಿಗಾಗಿಯೇ ಸಂಶೋಧನಾ ಸಂಸ್ಥೆ 1962ರಲ್ಲಿ ಹುಟ್ಟಿತು.

ಇಂದು ಸರ್ಜಾಪುರ ರಸ್ತೆಯ ಮಹಡಿಮನೆಗಳಲ್ಲಿ, ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತವರು ಭಾನುವಾರ ಬಾಲ್ಕನಿಯಲ್ಲಿ ಪುಸ್ತಕದ ಕಪಾಟು ಮಾಡುತ್ತಿರುವುದನ್ನು ಕಾಣಬಹುದು. ಹತಾರಕ್ಕೆ ಎಸ್.ಜೆ.ಪಿ. ರಸ್ತೆಯ ಅಂಗಡಿಗಳಿವೆ, ಮನೆಬಾಗಿಲಿಗೂ ಬರುತ್ತವೆ. ಬೈರಿಗೆಗೆ ಹಗ್ಗ ಸುತ್ತಿ ತಿರುಗಿಸುತ್ತಿದ್ದ ಕಡೆ ಈಗ ವಿದ್ಯುತ್ತಿನ ಡ್ರಿಲ್ಲು ಬಂದಿದೆ. ಕೆಲವರು ಲ್ಯಾಮಿನೇಟ್ ಹಲಗೆಗಳನ್ನು ತಂದು ಒಂದರ ಅಂಚನ್ನು ಇನ್ನೊಂದರ ತೋಡಿನಲ್ಲಿ ಸಿಕ್ಕಿಸಿ ತಾವೇ ನೆಲ ಹಾಸುತ್ತಾರೆ. ಅಂಟು ಬೇಡ, ಮೊಳೆ ಬೇಡ. ಗೋಡೆಯ ಬದಿಗೆ ಒಂದು ಬೆರಳಿನಷ್ಟು ಸಂದು ಬಿಡಬೇಕು, ಅಷ್ಟೆ. ಮಳೆಗಾಲದ ತೇವಕ್ಕೆ ಹಲಗೆ ಹಿಗ್ಗಿದಾಗ ಜಾಗ ಸಿಗದಿದ್ದರೆ ನಡುವೆ ಉಬ್ಬಿ ಏಳುತ್ತದೆ. ಮಣ್ಣಿನ ಹದ ತಪ್ಪಿದರೆ ನೆಲ ಬಿರಿಯುತ್ತದೆಂದು ಅಜ್ಜಿಯರು ಬಲ್ಲ ಲೆಕ್ಕವೇ ಇದು.

ಹಾಸುವುದಕ್ಕೆ ಮೊದಲು ತಳ ಮಟ್ಟವಾಗಿದೆಯೇ ಎಂದು ನೋಡಬೇಕು. ಇದಕ್ಕೆ ರಸಮಟ್ಟ ಕೊಳ್ಳುವವರುಂಟು. ಮೊಬೈಲಿನಲ್ಲಿಯೇ ನೋಡಿಕೊಳ್ಳುವವರೂ ಉಂಟು. ನಮ್ಮ ಗಾರೆ ಮೇಸ್ತ್ರಿಗಳು ಈಗಲೂ ಬಳಸುವುದು ನೀರು ತುಂಬಿದ ಪಾರದರ್ಶಕ ಕೊಳವೆಯನ್ನು. ಇಬ್ಬರು ಕೋಣೆಯ ಎರಡು ಮೂಲೆಗಳಲ್ಲಿ ಒಂದೊಂದು ತುದಿ ಹಿಡಿದು, ನೀರು ಅಲ್ಲಾಡುವುದು ನಿಂತ ಮೇಲೆ ಎರಡು ಕಡೆಯೂ ಗೋಡೆಗೆ ಪೆನ್ಸಿಲಿನ ಗೆರೆ ಹಾಕುತ್ತಾರೆ. ಕೊಳವೆಯೊಳಗೆ ಗಾಳಿಯ ಗುಳ್ಳೆ ನಿಲ್ಲದಂತೆ ನೋಡಿಕೊಂಡರೆ ಸಾಕು. ಆ ಇನ್ನೊಂದು ತುದಿಯನ್ನು ಹಿಡಿಯಲು ಮನೆಯ ಮಕ್ಕಳನ್ನೇ ಕರೆಯಬಹುದು.