ಸಂಬಳದ ಕೆಲಸ, ಸಂಪಾದಕನ ಕುರ್ಚಿ: ಕನ್ನಡ ಸಾಹಿತ್ಯ ಪತ್ರಿಕೆಗಳನ್ನು ನಡೆಸಿದವರು

ಕನ್ನಡ ಸಾಹಿತ್ಯ ಪತ್ರಿಕೆಗಳ ಚರಿತ್ರೆಯನ್ನು ನಾವು ನವೋದಯ, ನವ್ಯ, ಬಂಡಾಯ ಎಂದು ಪಂಥಗಳ ಲೆಕ್ಕದಲ್ಲಿ ಬರೆಯುತ್ತ ಬಂದಿದ್ದೇವೆ. ಅವುಗಳ ಸಂಪಾದಕರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂದು ಕೇಳಿದವರು ಕಡಿಮೆ. ಪತ್ರಿಕೆ ಯಾವ ಬಗೆಯ ಬರಹವನ್ನು ಬಯಸಿತು ಎಂಬುದಕ್ಕೆ ಸಂಪಾದಕರ ಉದ್ಯೋಗವೂ ಒಂದು ಕಾರಣ ಎಂಬುದು ಈ ಲೇಖನದ ವಾದ.

ಮೊದಲ ತಲೆಮಾರಿನಲ್ಲಿ ಒಂದೇ ಮಾದರಿ ಕಾಣುವುದಿಲ್ಲ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದ ಎ.ಆರ್. ಕೃಷ್ಣಶಾಸ್ತ್ರಿಗಳು ಸಂಸ್ಕೃತ, ಕನ್ನಡ ಎರಡರಲ್ಲೂ ಪಳಗಿದ ಅಧ್ಯಾಪಕರು. 1922ರಲ್ಲಿ ಧಾರವಾಡದಲ್ಲಿ ‘ಜಯಕರ್ನಾಟಕ’ ಆರಂಭಿಸಿದ ಆಲೂರ ವೆಂಕಟರಾಯರು ಕಾನೂನು ಓದಿದವರು; ಅವರಿಗೆ ಸಾಹಿತ್ಯ ಪತ್ರಿಕೆಯೂ ಏಕೀಕರಣದ ಕೆಲಸದ ಒಂದು ಕವಲು. 1943ರಲ್ಲಿ ಮೈಸೂರು ಸರ್ಕಾರದ ಅಧಿಕಾರಿ ಹುದ್ದೆಯನ್ನು ಬಿಟ್ಟು ಬಂದ ಮಾಸ್ತಿ, ಮರುವರ್ಷದಿಂದ 1965ರವರೆಗೆ ‘ಜೀವನ’ದ ಸಂಪಾದಕರಾಗಿದ್ದರು. ಪತ್ರಿಕೆಯ ಹೆಸರು ಸಾಹಿತ್ಯದ್ದಲ್ಲ, ಬದುಕಿನದು. ಆಡಳಿತ ಕಂಡಿದ್ದ ಮನುಷ್ಯನಿಗೆ ಅದು ಒಪ್ಪುವ ಹೆಸರೇ ಆಗಿತ್ತು.

ಅರವತ್ತರ ದಶಕಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಇಂಗ್ಲಿಷ್ ಓದಿದವರು ಮೊದಲೂ ಇದ್ದರು. ಮಾಸ್ತಿಯವರದೂ ಇಂಗ್ಲಿಷ್ ಎಂ.ಎ.ಯೇ. ಹೊಸದೆಂದರೆ, ಇಂಗ್ಲಿಷ್ ಪಾಠ ಹೇಳಿ ಸಂಬಳ ಪಡೆಯುವವರು ಕನ್ನಡ ವಿಮರ್ಶೆಯ ಹೆಬ್ಬಾಗಿಲಲ್ಲಿ ಕುಳಿತದ್ದು. ‘ಸಾಕ್ಷಿ’ಯ ಗೋಪಾಲಕೃಷ್ಣ ಅಡಿಗರು ಆಗಿನ ಕುಂದಾಪುರ ತಾಲೂಕಿನ ಮೊಗೇರಿಯವರು. ಮೈಸೂರಿನ ಸಂತ ಫಿಲೋಮಿನಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ, 1964ರಲ್ಲಿ ಸಾಗರದ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋದರು. ಕವಿತೆಯೊಂದನ್ನು ಎತ್ತಿಕೊಂಡು ಪದಪದ ಬಿಡಿಸಿ ತೂಗುವ ರೂಢಿ ಅವರ ತರಗತಿಯಿಂದಲೇ ಪತ್ರಿಕೆಗೆ ನಡೆದು ಬಂದಂತಿದೆ. ಅದರ ಪ್ರಕಾಶನದ ಹೊಣೆ ಹೊತ್ತ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಮಾತ್ರ ಮೇಷ್ಟರಲ್ಲ, ಅಡಿಕೆ ತೋಟದವರು. ನವ್ಯದ ಬೆಳವಣಿಗೆಯಲ್ಲಿ ಎಲಿಯಟ್‌ನ ಪಾಲನ್ನು ಎಲ್ಲರೂ ನೆನೆಯುತ್ತಾರೆ. ಅಡಿಕೆಯ ಪಾಲನ್ನೂ ಯಾರಾದರೂ ಲೆಕ್ಕ ಹಾಕಬೇಕು.

ಧಾರವಾಡದ ‘ಸಂಕ್ರಮಣ’ದ್ದು ಇನ್ನೂ ಕುತೂಹಲದ ಕಥೆ. 1964ರಲ್ಲಿ ಅದನ್ನು ಕಟ್ಟಿದ ಚಂದ್ರಶೇಖರ ಪಾಟೀಲ (ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರೂ 1939ರಲ್ಲಿ ಹುಟ್ಟಿದವರು, ಮೂವರೂ ಹಳ್ಳಿಯವರು: ಒಬ್ಬರು ಹತ್ತಿಮತ್ತೂರು, ಇನ್ನೊಬ್ಬರು ಅಬ್ಬಿಗೇರಿ, ಮತ್ತೊಬ್ಬರು ಯಾದವಾಡ. ಮೊದಲಿಬ್ಬರು ಕಲಿಸಿದ್ದು ಇಂಗ್ಲಿಷ್, ಪಟ್ಟಣಶೆಟ್ಟಿ ಹಿಂದಿ. ಕನ್ನಡವನ್ನೇ ಪಾಠ ಮಾಡಿ ಉಂಡವರು ಮೂವರಲ್ಲಿ ಒಬ್ಬರೂ ಇಲ್ಲ! ವಯಸ್ಸು, ಊರು, ಓದು ಇಷ್ಟು ಹತ್ತಿರವಿದ್ದರೂ ದಾರಿಗಳು ಬೇರೆಯಾದವು. ಗಿರಡ್ಡಿ ಕೃತಿನಿಷ್ಠ ವಿಮರ್ಶೆಯಲ್ಲಿ ನೆಲೆ ನಿಂತರು. ಚಂಪಾ ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡರು, ಮುಂದೆ ಗೋಕಾಕ್ ಚಳವಳಿಗೂ ಬಂಡಾಯಕ್ಕೂ ದನಿಯಾದರು. ‘ಸಂಕ್ರಮಣ’ವೂ ಅವರೊಬ್ಬರ ಪತ್ರಿಕೆಯಾಗಿ ಉಳಿಯಿತು. ಆದ್ದರಿಂದ ಹಿನ್ನೆಲೆಯೊಂದೇ ಎಲ್ಲವನ್ನೂ ವಿವರಿಸುತ್ತದೆ ಎಂದು ನಾನು ಹೇಳಲಾರೆ.

ಹಾಗಿದ್ದರೂ ತಿಂಗಳ ಸಂಬಳದ ಮಾತನ್ನು ಬಿಡುವಂತಿಲ್ಲ. ಕೆಲವೇ ಚಂದಾದಾರರ ಪತ್ರಿಕೆ ಸಂಪಾದಕನ ಮನೆ ನಡೆಸುವುದಿಲ್ಲ. ಕಾಲೇಜು ಸಂಬಳ ಕೊಟ್ಟಿತು, ಗ್ರಂಥಾಲಯ ಕೊಟ್ಟಿತು, ಓದಬಲ್ಲ ವಿದ್ಯಾರ್ಥಿಗಳನ್ನೂ ಕೊಟ್ಟಿತು. ಅದೇ ಇಂಗ್ಲಿಷ್ ಅಧ್ಯಾಪಕ ವೃತ್ತಿಯಿಂದ ಹೊರಬಂದ ಲಂಕೇಶ್ 1980ರಲ್ಲಿ ಆರಂಭಿಸಿದ್ದು ಸಾಹಿತ್ಯ ತ್ರೈಮಾಸಿಕವನ್ನಲ್ಲ, ರಾಜಕೀಯವೂ ಇದ್ದ ವಾರಪತ್ರಿಕೆಯನ್ನು. ಮರುವರ್ಷ ‘ರುಜುವಾತು’ ತಂದ ಅನಂತಮೂರ್ತಿ ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿಯೇ ಮುಂದುವರಿದರು. 2005ರಿಂದ 2012ರವರೆಗೆ ‘ದೇಶ ಕಾಲ’ ನಡೆಸಿದ ವಿವೇಕ ಶಾನಭಾಗರ ಹೊತ್ತಿಗೆ ಸಂಪಾದಕರ ಕುರ್ಚಿಗೆ ಎಂಜಿನಿಯರ್ ಬಂದರು.

ಈ ಸಾಲಿನಲ್ಲಿ ಒಬ್ಬ ಹೆಂಗಸಿನ ಹೆಸರೂ ಬಂದಿಲ್ಲ. ಕಾಲೇಜಾಗಲಿ ಸಂಬಳವಾಗಲಿ ಇಲ್ಲದೆ, ಬಾಲವಿಧವೆಯಾಗಿ ಮನೆಯಲ್ಲೇ ಓದಿಕೊಂಡ ನಂಜನಗೂಡು ತಿರುಮಲಾಂಬ 1913ರಲ್ಲೇ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಅದನ್ನು ಮಹಿಳಾ ಪತ್ರಿಕೆಯೆಂದು ಬೇರೆ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೇವೆ. ಕೊನೆಯ ದಶಕಗಳಲ್ಲಿ ಬರವಣಿಗೆಯಿಂದಲೇ ದೂರ ಉಳಿದ ಆಕೆ ತೀರಿಕೊಂಡದ್ದು 1982ರಲ್ಲಿ, ‘ರುಜುವಾತು’ ಶುರುವಾದ ಮರುವರ್ಷ.