ಕಸಿ: ತೋಟದ ಮಾತು ಎದೆಗೂಡಿಗೆ

ಮಾವಿನ ಸಸಿ ಕೊಳ್ಳಲು ಹೋದವರು ಮೊದಲು ಕೇಳುವುದೇ ‘ಕಸಿಯದೋ, ವಾಟೆಯದೋ?’ ಎಂದು. ಅದೇ ‘ಕಸಿ’ ಈಗ ಪತ್ರಿಕೆಗಳಲ್ಲಿ ‘ಹೃದಯ ಕಸಿ’ಯಾಗಿ ನೆಲೆಯೂರಿದೆ. ‘ಬದಲಿ ಹೃದಯ ಜೋಡಣೆ’ ಅದರ ಮುಂದೆ ನಿಲ್ಲಲಿಲ್ಲ. ನಿಲ್ಲದ್ದೇ ಒಳ್ಳೆಯದಾಯಿತು, ಏಕೆಂದರೆ ಅಲ್ಲಿ ನಡೆದದ್ದು ನಿಜಕ್ಕೂ ಕಸಿಯೇ.

ಕಸಿ ಕಟ್ಟುವವನು ಬುಡದ ಗಿಡವನ್ನು ಕೀಳುವುದಿಲ್ಲ. ತಲೆ ಸವರಿ, ಉಳಿದ ಕಾಂಡಕ್ಕೆ ಬೇರೆ ಮರದ ಕಡ್ಡಿ ಕೂಡಿಸಿ ಬಿಗಿಯುತ್ತಾನೆ. 1960ರಲ್ಲಿ ಸ್ಟ್ಯಾನ್‌ಫರ್ಡ್‌ನ ಶಸ್ತ್ರವೈದ್ಯರಾದ ನಾರ್ಮನ್ ಶಮ್ವೇ, ರಿಚರ್ಡ್ ಲೋವರ್ ನಾಯಿಗಳಲ್ಲಿ ಮಾಡಿ ತೋರಿಸಿದ್ದೂ ಇಂಥದ್ದನ್ನೇ. ಹಳೆಯ ಹೃದಯವನ್ನು ಪೂರ್ತಿ ತೆಗೆಯದೆ, ಮೇಲಿನ ಕೋಣೆಗಳ ಹಿಂಗೋಡೆ ಉಳಿಸಿಕೊಂಡು, ಅದರ ಅಂಚಿಗೆ ಹೊಸದನ್ನು ಹೊಲಿದರು. ರಕ್ತ ತರುವ ಒಂದೊಂದೇ ನಾಳವನ್ನು ಹೊಲಿಯುವ ತಾಪತ್ರಯ ತಪ್ಪಿತು. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮನುಷ್ಯನಿಂದ ಮನುಷ್ಯನಿಗೆ ಮೊದಲ ಹೃದಯ ಕಸಿ ಮಾಡಿದಾಗ ನೆಚ್ಚಿದ್ದು ಈ ವಿಧಾನವನ್ನೇ.

ಆದರೆ ಮಾವಿನ ಬುಡ ಕಡ್ಡಿ ಯಾರದೆಂದು ತಕರಾರು ಎತ್ತುವುದಿಲ್ಲ; ಮೈ ಎತ್ತುತ್ತದೆ. ಹೊಸ ಗುಂಡಿಗೆಯನ್ನು ಮೈ ಒದ್ದೋಡಿಸದಿರಲೆಂದು ಬರ್ನಾರ್ಡರ ರೋಗಿ ಲೂಯಿ ವಾಶ್ಕಾನ್ಸ್ಕಿಗೆ ಕೊಟ್ಟ ಔಷಧಿಗಳು ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸಿದವು. 18 ದಿನಕ್ಕೆ ನ್ಯುಮೋನಿಯಾ ಅವರನ್ನು ಒಯ್ದಿತು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಪಿ.ಕೆ. ಸೇನ್ 1968ರ ಫೆಬ್ರವರಿಯಲ್ಲಿ ಮಾಡಿದ ಕಸಿ ಕೆಲವೇ ಗಂಟೆ ಬಾಳಿತು. ಮೈಯ ಈ ತಕರಾರನ್ನು ಅಡಗಿಸುವ ಔಷಧಿ ಸೈಕ್ಲೋಸ್ಪೊರಿನ್ ಬಳಕೆಗೆ ಬರುವವರೆಗೆ, ಅಂದರೆ 1980ರ ದಶಕದವರೆಗೆ, ಹೆಚ್ಚಿನ ಶಸ್ತ್ರವೈದ್ಯರು ಇದರ ಸಹವಾಸವೇ ಬೇಡವೆಂದು ದೂರ ಉಳಿದರು.

ಕನ್ನಡದಲ್ಲಿ ಇನ್ನೊಂದು ‘ಕಸಿ’ಯೂ ಉಂಟಲ್ಲ, ಕಿತ್ತುಕೊಳ್ಳುವುದು? ಆಗ ಜಗತ್ತನ್ನು ಕಾಡಿದ್ದು ಅದು. ಮಿದುಳು ಸತ್ತು ಗುಂಡಿಗೆ ಮಿಡಿಯುತ್ತಿರುವವರಿಂದ ತೆಗೆದದ್ದು ದಾನವೋ, ಕಸಿದದ್ದೋ? 1968ರ ಆಗಸ್ಟ್‌ನಲ್ಲಿ ಹಾರ್ವರ್ಡ್ ಸಮಿತಿ ಮಿದುಳು ಸಾವಿನ ಲಕ್ಷಣಗಳನ್ನು ಬರೆದಿಟ್ಟಿತು. ಅದೇ ತಿಂಗಳು ಸಪ್ಪೊರೊದಲ್ಲಿ ಜುರೊ ವಾಡಾ ಮಾಡಿದ ಕಸಿಯ ಮೇಲೆ ಬಳಿಕ ಕೊಲೆಯ ದೂರು ಬಿತ್ತು. ಮೊಕದ್ದಮೆ ನಡೆಯಲಿಲ್ಲ, ಆದರೂ ಜಪಾನಿನಲ್ಲಿ ಮುಂದಿನ ಹೃದಯ ಕಸಿಗೆ 1999 ಬರಬೇಕಾಯಿತು. ನಮ್ಮಲ್ಲಿ ಮಿದುಳು ಸಾವನ್ನು ಒಪ್ಪಿದ ಅಂಗಾಂಗ ಕಸಿ ಕಾಯ್ದೆ ರೂಪುಗೊಂಡದ್ದು 1994ರ ಜುಲೈನಲ್ಲಿ. ಆಗಸ್ಟ್ 3ಕ್ಕೆ ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ಭಾರತದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು.