ಬೆಂಗಳೂರಿನ ದಕ್ಷಿಣಭಾಗದ ಸ್ತ್ರೀಸಮಾಜಗಳೂ ಶಿಶುಪೋಷಣೆಯ ಕೈಂಕರ್ಯವೂ

ಬೆಂಗಳೂರು ನಗರದ ದಕ್ಷಿಣಭಾಗದಲ್ಲಿ, ದೊಡ್ಡ ಬಸವಣ್ಣನ ಗುಡಿಯಿಂದ ಅನತಿದೂರದಲ್ಲಿ, ತ್ಯಾಗರಾಜನಗರವೆಂಬ ಬಡಾವಣೆಯಿರುವುದು. ಕಾರ್ತಿಕಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆಂದು ಬರುವ ಭಕ್ತಜನರಿಗೆ ಈ ಪ್ರದೇಶವು ಅಪರಿಚಿತವಾದುದಲ್ಲ. ಆದರೆ ಬಸವಣ್ಣನ ದರ್ಶನವನ್ನು ಮಾಡಿಕೊಂಡು ಹಿಂದಿರುಗುವವರಲ್ಲಿ ಬಹುಮಂದಿ ಅರಿಯದ ಸಂಗತಿಯೊಂದುಂಟು. ಈ ಗುಡಿಯ ಆಸುಪಾಸಿನ ಬಸವನಗುಡಿ, ವಿಶ್ವೇಶ್ವರಪುರ, ಚಾಮರಾಜಪೇಟೆಗಳಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ಕೆಲವರು ಸ್ತ್ರೀಯರು, ತಮ್ಮ ಹೊಟ್ಟೆಯಲ್ಲಿ ಹುಟ್ಟದ ಮಕ್ಕಳಿಗಾಗಿಯೂ ಆಸರೆ ತಪ್ಪಿದ ಸಂಸಾರಗಳಿಗಾಗಿಯೂ ಸಮಾಜಗಳನ್ನು ಕಟ್ಟಿ ನಡಸಿಕೊಂಡು ಬಂದರು. ಧರ್ಮಕಾರ್ಯಗಳ ಚರಿತ್ರೆಯನ್ನು ಬರೆಯುವಾಗ ಮಠಗಳ, ಛತ್ರಗಳ, ವಿದ್ಯಾಸಂಸ್ಥೆಗಳ ಹೆಸರುಗಳು ತಪ್ಪದೆ ಬರುವುವು. ಈ ತಾಯಂದಿರ ಹೆಸರುಗಳು ಬರುವುದು ಅಪರೂಪ.

ಬಸವನಗುಡಿಯ ಬಡಾವಣೆಯು ಹುಟ್ಟಿದುದೇ ಒಂದು ಮಹಾವಿಪತ್ತಿನಿಂದ. 1898ನೆಯ ಇಸವಿಯ ಆಗಸ್ಟಿನಲ್ಲಿ ಪ್ಲೇಗು ಮಾರಿಯು ಬೆಂಗಳೂರನ್ನು ಹೊಕ್ಕಿತು. ಇಕ್ಕಟ್ಟಾದ ಪೇಟೆಯ ಓಣಿಗಳನ್ನು ಬಿಟ್ಟು ಜನರು ಬಯಲಿಗೆ ಓಡಿದರು. ಆ ಬಳಿಕ ಗಾಳಿ ಬೆಳಕುಗಳಿರುವ ಮನೆಗಳಿಗಾಗಿ ಬಸವನಗುಡಿ, ಮಲ್ಲೇಶ್ವರಗಳು ನಿರ್ಮಾಣವಾದುವು. ಅಗಲವಾದ ಬೀದಿಗಳನ್ನು ಎಳೆಯುವುದು ಇಂಜಿನಿಯರರಿಂದ ಸಾಧ್ಯವಾಯಿತು. ಆದರೆ ಆ ಬೀದಿಗಳ ಅಚ್ಚುಕಟ್ಟಾದ ಮನೆಗಳ ಒಳಗೆ, ಹಿತ್ತಿಲ ಕೋಣೆಯಲ್ಲಿ, ತಲೆ ಬೋಳಿಸಿಕೊಂಡು ಕುಳಿತ ಬಾಲವಿಧವೆಯರಿದ್ದರು. ಅವರಿಗೆ ಗಾಳಿ ಬೆಳಕುಗಳನ್ನು ತರುವ ನಕ್ಷೆಯನ್ನು ಯಾವ ಸರ್ಕಾರವೂ ಬರೆದಿರಲಿಲ್ಲ. ಮೈಸೂರು ಸಂಸ್ಥಾನವು 1894ರಲ್ಲಿಯೇ ಬಾಲ್ಯವಿವಾಹ ನಿಷೇಧದ ಒಂದು ಕಾಯಿದೆಯನ್ನು ಮಾಡಿದ್ದಿತೆಂಬುದು ನಿಜ. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ಮೀರಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯ ಕೈಹಿಡಿಯುವುದನ್ನೂ ಅದು ನಿಷೇಧಿಸಿತು. ಭರತಖಂಡದಲ್ಲಿ ಆ ಕಾಲಕ್ಕೆ ಅದೂ ಒಂದು ಧೈರ್ಯದ ಕೆಲಸವೇ. ಆದರೂ ಒಂಬತ್ತು ವರ್ಷದ ಕನ್ಯೆಯನ್ನು ನಲವತ್ತರ ವರನಿಗೆ ಕೊಡಲು ಆ ಕಾಯಿದೆಯಲ್ಲಿ ಯಾವ ಅಡ್ಡಿಯೂ ಇರಲಿಲ್ಲವೆಂಬುದನ್ನು ಮರೆಯಬಾರದು.

ಇಂತಹ ಹೆಣ್ಣುಮಕ್ಕಳಿಗೆ ಆಶ್ರಯವನ್ನೂ ಅಕ್ಷರವನ್ನೂ ಕೊಡುವ ಯತ್ನವು ಮೊದಲು ನಡೆದುದು ಹೊರನಾಡಿನಲ್ಲಿ; ಆದರೆ ಅದಕ್ಕೂ ಕನ್ನಡನಾಡಿಗೂ ನಂಟುಂಟು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ಶಾರದಾಸದನವನ್ನು ತೆರೆದರು. 1896ರಲ್ಲಿ ಧೋಂಡೋ ಕೇಶವ ಕರ್ವೆಯವರು ಪುಣೆಯಲ್ಲಿ ವಿಧವಾಶ್ರಮವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ 1913ನೆಯ ಇಸವಿಯು ಈ ದೃಷ್ಟಿಯಿಂದ ಸ್ಮರಣೀಯವಾದುದು. ಅದೇ ಒಂದು ವರ್ಷದಲ್ಲಿ ನಗರದ ಈ ಭಾಗದಲ್ಲಿ ಮಹಿಳಾ ಸೇವಾ ಸಮಾಜವೂ, ಶಾರದಾ ಸ್ತ್ರೀಸಮಾಜವೂ ಹುಟ್ಟಿದುವು.

ಮಹಿಳಾ ಸೇವಾ ಸಮಾಜದ ಆರಂಭದ ಕಾರ್ಯಕರ್ತೆಯರಲ್ಲಿ ಪಾರ್ವತಮ್ಮ ಚಂದ್ರಶೇಖರಯ್ಯರ್ ಅವರು ಪ್ರಮುಖರು. ಶಾಲೆಯ ವಯಸ್ಸನ್ನು ದಾಟಿದ ಗೃಹಿಣಿಯರಿಗೆ ಪಾಠ ಹೇಳುವುದರಿಂದ ಮೊದಲಾದ ಕೆಲಸವು ಕಾಲಕ್ರಮದಲ್ಲಿ ಮಕ್ಕಳ ಶಾಲೆಯವರೆಗೆ ಬೆಳೆಯಿತು. ಆಕೆಯ ಪತಿ ಕೆ. ಎಸ್. ಚಂದ್ರಶೇಖರಯ್ಯರ್ ಅವರು ಮೈಸೂರು ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದವರು. ಹಿಂದೂ ಸ್ತ್ರೀಯರ ಹಕ್ಕುಗಳನ್ನು ವಿಚಾರಮಾಡಲು ಸರ್ಕಾರವು ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರಾದರು. ಅದರ ಫಲವಾಗಿ 1933ರಲ್ಲಿ ಹೊರಟ ಕಾಯಿದೆಯು, ಕುಟುಂಬದ ಆಸ್ತಿಯು ಭಾಗವಾಗುವಾಗ ತಾಯಿಗೂ, ಮದುವೆಯಾಗದ ಹೆಣ್ಣುಮಕ್ಕಳಿಗೂ, ಮಡಿದ ಮಗನ ಹೆಂಡತಿಗೂ ಪಾಲನ್ನು ವಿಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಆಸ್ತಿಯಲ್ಲಿ ಮಿತವಾದ ಹಕ್ಕನ್ನು ಕೊಡುವ ಕಾಯಿದೆಯು ಹೊರಟುದು 1937ರಲ್ಲಿ. ಹಗಲೆಲ್ಲ ಸಮಾಜದಲ್ಲಿ ಅನಾಥಸ್ತ್ರೀಯರ ಗೋಳನ್ನು ಕೇಳುತ್ತಿದ್ದ ಗೃಹಿಣಿಯ ಮಾತುಗಳು ನ್ಯಾಯಾಧೀಶರ ಕಿವಿಗೆ ಬೀಳದೆ ಇದ್ದಿರಲಾರವು. ತಾಯಿಯ ಕೈಯಲ್ಲಿ ಆಸ್ತಿಯಿದ್ದರೆ ತಂದೆ ಸತ್ತ ಕೂಸು ಬೀದಿಗೆ ಬೀಳುವುದಿಲ್ಲ. ಆದುದರಿಂದ ಈ ಕಾಯಿದೆಯನ್ನು ಶಿಶುಪೋಷಣೆಯ ಕಾಯಿದೆಯೆಂದು ಕರೆದರೂ ತಪ್ಪಾಗದು.

ಶಾರದಾ ಸ್ತ್ರೀಸಮಾಜವನ್ನು ಸ್ಥಾಪಿಸಿದವರು ಆರ್. ಕಲ್ಯಾಣಮ್ಮನವರು. ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ಪ್ರಾಯ. ಅವರು ಸ್ವತಃ ಬಾಲವಿಧವೆ. ಸಂಸಾರವೆಂದರೇನೆಂದು ತಿಳಿಯುವ ಮೊದಲೇ ಸಂಸಾರವು ಮುಗಿದುಹೋಯಿತೆಂದು ಲೋಕವು ಅವರಿಗೆ ಹೇಳಿತು. ಆ ಲೋಕದ ಮಾತನ್ನು ಅವರು ಕೇಳಲಿಲ್ಲ. ಸಮಾಜದಲ್ಲಿ ಓದುಬರಹಗಳ ಪಾಠವನ್ನು ನಡಸಿದುದಲ್ಲದೆ, 1921ರಲ್ಲಿ ‘ಸರಸ್ವತಿ’ಯೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದಕ್ಕೆ ಮೊದಲು ನಂಜನಗೂಡಿನ ತಿರುಮಲಾಂಬನವರು, ಅವರೂ ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡವರು, ‘ಕರ್ನಾಟಕ ನಂದಿನಿ’ಯನ್ನು ನಡಸಿ ದಾರಿ ತೋರಿಸಿದ್ದರು. ಆದರೆ ಆ ಪತ್ರಿಕೆಯು ಕೆಲವೇ ವರ್ಷ ಬಾಳಿತು. ‘ಸರಸ್ವತಿ’ಯಾದರೋ 1963ರವರೆಗೆ, ನಲವತ್ತೆರಡು ವರ್ಷಗಳ ಕಾಲ, ಒಬ್ಬರೇ ಸಂಪಾದಕಿಯ ಕೈಯಲ್ಲಿ ನಡೆಯಿತು. ಕನ್ನಡದಲ್ಲಿ ಪತ್ರಿಕೆ ನಡಸಿ ಮನೆ ಮಾರಿಕೊಂಡ ಗಂಡಸರ ಕಥೆಗಳನ್ನು ಕೇಳಿರುವ ವಾಚಕರು ಈ ನಲವತ್ತೆರಡು ವರ್ಷಗಳ ತೂಕವನ್ನು ತಾವೇ ಊಹಿಸಿಕೊಳ್ಳಬಲ್ಲರು.

1938ರಲ್ಲಿ ಕಲ್ಯಾಣಮ್ಮನವರು ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಆರಂಭಿಸಿದರು. ಈ ಹೆಸರನ್ನು ಸ್ವಲ್ಪ ಆಲೋಚಿಸಬೇಕು. ಅವರು ಅದನ್ನು ಶಾಲೆಯೆಂದು ಕರೆಯಲಿಲ್ಲ, ಅನಾಥಾಲಯವೆಂದೂ ಕರೆಯಲಿಲ್ಲ. ಶಾಲೆಯಲ್ಲಿ ಮಗುವು ಪರೀಕ್ಷೆಗೆ ಒಳಪಟ್ಟ ವಿದ್ಯಾರ್ಥಿ. ಅನಾಥಾಲಯದಲ್ಲಿ ಕರುಣೆಗೆ ಪಾತ್ರವಾದ ದೀನ. ಕೂಟದಲ್ಲಿಯಾದರೋ ಮಗುವು ಮಗುವೇ. ಅಲ್ಲಿ ಹಾಡು, ಕಥೆ, ಆಟ, ನಾಟಕಗಳಿಗೆ ಎಡೆಯಿದ್ದಿತು. ಗಂಡೂ ಹೆಣ್ಣೂ ಒಂದೇ ಜಮಖಾನದ ಮೇಲೆ ಕುಳಿತುಕೊಳ್ಳಬಹುದಾಗಿದ್ದಿತು. ಹೊಟ್ಟೆಗೆ ಅನ್ನವಿಲ್ಲದ ನಾಡಿನಲ್ಲಿ ಮಕ್ಕಳನ್ನು ಆಡಿಸುವುದೂ ಒಂದು ಸೇವೆಯೇ ಎಂದು ಕೇಳುವವರು ಇಂದೂ ಉಂಟು. ಅಂತಹವರಿಗೆ ಹೇಳಬಹುದಾದುದು ಇಷ್ಟೆ: ಆಟವಾಡುವ ವಯಸ್ಸಿನಲ್ಲಿ ತಾಳಿ ಕಟ್ಟಿಸಿಕೊಂಡು, ಆಟವಾಡುವ ವಯಸ್ಸಿನಲ್ಲಿಯೇ ಅದನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು, ಬೇರೆ ಯಾವ ಮಗುವಿನ ಬಾಲ್ಯವೂ ಹಾಗೆ ಕಳೆದುಹೋಗಬಾರದೆಂದು ಬಯಸಿದುದರಲ್ಲಿ ಆಶ್ಚರ್ಯವಿಲ್ಲ. ಮಕ್ಕಳ ಕೂಟಕ್ಕೆ ಸಮೀಪದಲ್ಲಿಯೇ ತಾಯಂದಿರಿಗಾಗಿಯೂ ಶಿಶುಗಳಿಗಾಗಿಯೂ ಕಟ್ಟಿದ ವಾಣಿವಿಲಾಸ ಆಸ್ಪತ್ರೆಯು ಅದಕ್ಕೆ ಮೂರು ವರ್ಷ ಮೊದಲು, 1935ರಲ್ಲಿ, ತೆರೆದಿದ್ದಿತು. ಹುಟ್ಟುವ ಕೂಸಿನ ಪ್ರಾಣವನ್ನು ಆಸ್ಪತ್ರೆಯು ನೋಡಿಕೊಂಡರೆ ಅದರ ಮನಸ್ಸನ್ನು ಕೂಟವು ನೋಡಿಕೊಂಡಿತು.

ಇಲ್ಲಿ ಮಠಗಳ ಭಕ್ತರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಧಾರವಾಡದ ಮುರುಘಾಮಠದಲ್ಲಿ 1917ರಲ್ಲಿ ಶ್ರೀ ಮೃತ್ಯುಂಜಯ ಸ್ವಾಮಿಗಳು ಉಚಿತ ಪ್ರಸಾದನಿಲಯವನ್ನು ತೆರೆದುದನ್ನು ನಾಡು ಕೃತಜ್ಞತೆಯಿಂದ ನೆನೆಯುವುದು. ಅಂತಹ ನಿಲಯಗಳಲ್ಲಿ ಉಂಡು ಓದಿದ ಬಡಮಕ್ಕಳು ಸಾವಿರಾರು. ಆದರೆ ಆ ಪಂಕ್ತಿಯಲ್ಲಿ ಬಹುಕಾಲ ಕುಳಿತವರು ಗಂಡುಮಕ್ಕಳು. ಅಕ್ಕಮಹಾದೇವಿಯ ಹೆಸರನ್ನು ದಿನವೂ ಹೇಳುವ ಸಮಾಜದಲ್ಲಿ ಅಕ್ಕನ ತಂಗಿಯರಿಗೆ ಎಲೆ ಹಾಕಿದುದು ತಡವಾಗಿ. ಆ ಕೊರತೆಯನ್ನು ತುಂಬಲು ವೀರಶೈವ ಸ್ತ್ರೀಯರೇ ಊರೂರುಗಳಲ್ಲಿ ಅಕ್ಕನ ಬಳಗಗಳನ್ನು ಕಟ್ಟಿಕೊಂಡರು. ದಾವಣಗೆರೆಯ ಬಳ್ಳಾರಿ ಸಿದ್ದಮ್ಮನವರನ್ನು ಈ ಸಂದರ್ಭದಲ್ಲಿ ನೆನೆಯಬೇಕು. 1903ರಲ್ಲಿ ದುಂಡಶಿಯಲ್ಲಿ ಹುಟ್ಟಿದ ಆಕೆಯು 1938ರ ಶಿವಪುರದ ಧ್ವಜಸತ್ಯಾಗ್ರಹದಲ್ಲಿಯೂ, ಮರುವರ್ಷ ಮಾಯಕೊಂಡದಲ್ಲಿ ಈಚಲ ಮರಗಳನ್ನು ಕಡಿಯುವ ಸತ್ಯಾಗ್ರಹದಲ್ಲಿಯೂ ಭಾಗವಹಿಸಿ ಸೆರೆಮನೆಯನ್ನು ಕಂಡರು. 1952ರಲ್ಲಿ ಶಾಸನಸಭೆಗೆ ಆರಿಸಿಬಂದರು. ದಾವಣಗೆರೆಯಲ್ಲಿ ಅವರು ನಿರ್ಗತಿಕ ಸ್ತ್ರೀಯರಿಗಾಗಿ ಕಟ್ಟಿದ ಸಂಸ್ಥೆಗೆ ಮಾತೃಮಂದಿರವೆಂದು ಹೆಸರಿಟ್ಟರು. ಈಚಲ ಮರಕ್ಕೂ ತೊಟ್ಟಿಲಿಗೂ ಏನು ಸಂಬಂಧವೆನ್ನಬಾರದು. ಹೆಂಡದಂಗಡಿಗೆ ಹೋಗುವ ಕಾಸು ಮಕ್ಕಳ ಗಂಜಿಯ ಕಾಸೆಂಬುದು ಯಾವ ಬಡತಾಯಿಗೂ ಗೊತ್ತಿರುವ ಲೆಕ್ಕ.

ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರ ಚರಿತ್ರೆಯು ಇನ್ನೂ ಕಠಿನವಾದುದು. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆಕೆಗೆ ಓದನ್ನು ಕಲಿಸಿದವರು ಮಾವನವರಾದ ಆನಂದರಾಯರು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಪತಿಯು ಕ್ಷಯರೋಗದಿಂದ ತೀರಿಕೊಂಡ ಮೇಲೆ, ಸೊಸೆಯನ್ನು ಮೂಲೆಗೆ ಕೂಡಿಸದೆ ಮಾವನವರು ಹುಬ್ಬಳ್ಳಿಗೆ ಕರೆತಂದರು. ಅಲ್ಲಿ ಆಕೆ ಭಗಿನೀಮಂಡಲವನ್ನು ಕಟ್ಟಿದರು. ತಿಲಕ ಕನ್ಯಾಶಾಲೆಯ ಹೊಣೆಯನ್ನು ಹೊತ್ತರು. 1924ರ ಬೆಳಗಾವಿಯ ಕಾಂಗ್ರೆಸ್ಸಿಗೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಿಕೆಯರನ್ನು ಮನೆಮನೆಗೆ ಹೋಗಿ ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. 1932ರಲ್ಲಿ ಆಕೆ ಯರವಡದ ಸೆರೆಮನೆಯಲ್ಲಿದ್ದಾಗ ಮಾವನವರು ತೀರಿಕೊಂಡರು. ಹೊರಬಂದು ನೋಡಿದರೆ ಮುದ್ರಣಾಲಯಕ್ಕೆ ಮೊಹರು ಬಿದ್ದಿದ್ದಿತು, ಶಾಲೆಯು ಮುಚ್ಚಿದ್ದಿತು, ಭಗಿನೀಮಂಡಲವು ಕಾನೂನುಬಾಹಿರವೆಂದು ಸಾರಲ್ಪಟ್ಟಿದ್ದಿತು. ಉಳಿದುದು ಒಂದು ಸಣ್ಣ ಮನೆ. ಸೆರೆಮನೆಯಿಂದ ಬಿಡುಗಡೆಯಾಗಿ, ಊರಿಗೆ ಹೋಗಲು ಹಣವಿಲ್ಲದೆ ನಿಂತ ಹೆಣ್ಣುಮಕ್ಕಳಿಗೆ ಆ ಮನೆಯೇ ತೌರಾಯಿತು.

1944ರಲ್ಲಿ ಕಸ್ತೂರಬಾ ಅವರು ನಿಧನರಾದ ಮೇಲೆ, ಹಳ್ಳಿಗಳ ಸ್ತ್ರೀಯರ ಮತ್ತು ಮಕ್ಕಳ ಸೇವೆಗೆಂದು ಅವರ ಹೆಸರಿನಲ್ಲಿ ಒಂದು ನಿಧಿಯು ಏರ್ಪಟ್ಟಿತು. 1946ರಲ್ಲಿ ಗಾಂಧೀಜಿಯವರು ಅದರ ಕರ್ನಾಟಕ ಶಾಖೆಯನ್ನು ಉಮಾಬಾಯಿಯವರಿಗೆ ಒಪ್ಪಿಸಿದರು. ಗ್ರಾಮಸೇವಿಕೆಯರಿಗೆ ಆರೋಗ್ಯ, ಶಿಶುಪಾಲನೆ, ಅಕ್ಷರಾಭ್ಯಾಸಗಳ ಶಿಕ್ಷಣವನ್ನು ಕೊಡಬೇಕು; ಕೈಯಲ್ಲಿ ಹಣವಿಲ್ಲ. ಆಕೆ ಮನೆಮನೆಯ ಬಾಗಿಲಿಗೆ ಹೋಗಿ ಬೇಡಿದರು. ಜಂಗಮನ ಜೋಳಿಗೆಗೆ ಎದ್ದು ನಿಂತು ಭಿಕ್ಷೆ ನೀಡುವ ನಾಡು ಇದು; ಬಿಳಿಯ ಸೀರೆಯುಟ್ಟ ವಿಧವೆಯೊಬ್ಬಳು ಬೆಳಗಿನಲ್ಲಿ ಎದುರಾದರೆ ಅಪಶಕುನವೆಂದು ಬಾಗಿಲು ಮುಚ್ಚುವ ನಾಡೂ ಇದೇ. ಆ ಎರಡರ ನಡುವೆ ಆಕೆ ಸೇವೆಯನ್ನು ನಡಸಿದರು. ಹಳೆಯ ಮೈಸೂರಿನ ಕಡೆ ಯಶೋಧರಮ್ಮ ದಾಸಪ್ಪನವರು ಅರಸೀಕೆರೆಯಲ್ಲಿ ಕಸ್ತೂರಬಾ ಕೇಂದ್ರವನ್ನು ಬೆಳೆಸಿದರು. ಆಕೆ ಮಂತ್ರಿಪದವಿಯಲ್ಲಿದ್ದು, ಪಾನನಿರೋಧವನ್ನು ಸಡಿಲಿಸಹೊರಟಾಗ ಪದವಿಯನ್ನು ಬಿಟ್ಟುಕೊಟ್ಟವರೆಂಬುದು ಪ್ರಸಿದ್ಧವಾಗಿದೆ.

ಈ ಸಂಸ್ಥೆಗಳಿಗೂ ಮಠಕ್ಕೂ ಇರುವ ಒಂದು ಭೇದವನ್ನು ಹೇಳದೆ ಇರಲಾಗದು. ಮಠಕ್ಕೆ ಪಟ್ಟಾಧಿಕಾರವುಂಟು. ಒಬ್ಬರು ಲಿಂಗೈಕ್ಯರಾದರೆ ಇನ್ನೊಬ್ಬರು ಪೀಠವನ್ನೇರುವರು. ದಾಸೋಹದ ಒಲೆಯು ಆರುವುದಿಲ್ಲ. ಹೊಲವುಂಟು, ಭಕ್ತರ ಕಾಣಿಕೆಯುಂಟು, ತಲೆತಲಾಂತರದಿಂದ ಬಂದ ಶಿಷ್ಯಸಂಪತ್ತುಂಟು. ಈ ತಾಯಂದಿರಿಗೆ ಇವಾವುವೂ ಇರಲಿಲ್ಲ. ಸದಸ್ಯೆಯರ ಚಂದಾ, ಪತ್ರಿಕೆಯ ಚಂದಾ, ದಾನಿಗಳ ಮನಸ್ಸು, ಇಷ್ಟೇ ಆಧಾರ. ಮುಂದಿನವರು ಯಾರೆಂಬ ಪ್ರಶ್ನೆಗೆ ಯಾವ ಸಂಪ್ರದಾಯವೂ ಉತ್ತರವನ್ನು ಸಿದ್ಧಮಾಡಿಟ್ಟಿರಲಿಲ್ಲ. ‘ಸರಸ್ವತಿ’ಯು ನಿಂತ ಎರಡು ವರ್ಷಗಳಲ್ಲಿ, 1965ರಲ್ಲಿ, ಕಲ್ಯಾಣಮ್ಮನವರು ತೀರಿಕೊಂಡರು, ಆ ಪತ್ರಿಕೆಯನ್ನು ಮುಂದುವರಿಸಲು ಇನ್ನೊಂದು ಕೈ ಇರಲಿಲ್ಲ. ಹೀಗಿದ್ದೂ ಸಮಾಜಗಳೂ ಕೂಟವೂ ಉಳಿದುಕೊಂಡುವು. ಅವು ಉಳಿದುದಕ್ಕೆ ಕಾರಣರು ಹೆಸರು ಅಚ್ಚಾಗದ ಕಾರ್ಯದರ್ಶಿನಿಯರು, ಲೆಕ್ಕ ಬರೆದವರು, ಮಧ್ಯಾಹ್ನದ ಅಡಿಗೆ ಮುಗಿಸಿ ಬಂದು ಪಾಠ ಹೇಳಿದವರು.

ಸರ್ಕಾರವು ಈ ಕೆಲಸಕ್ಕೆ ಕೈಹಚ್ಚಿದುದು ಬಹಳ ತಡವಾಗಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಅವುಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಸ್ತ್ರೀಸಮಾಜಗಳ ಶಿಶುವಿಹಾರವು ಅಂಗನವಾಡಿಯೆಂಬ ಹೆಸರಿನಿಂದ ಹಳ್ಳಿಹಳ್ಳಿಗೆ ಹೋಯಿತೆನ್ನಬಹುದು. ಅಲ್ಲಿಯೂ ಕೂಸುಗಳನ್ನು ನೋಡಿಕೊಳ್ಳುವವರು ಹೆಂಗಸರೇ. ಅವರಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ. ಅದೇ 1975ರಲ್ಲಿ ಎಸ್. ಜಿ. ಸುಶೀಲಮ್ಮನವರು ಬೆಂಗಳೂರಿನ ಉತ್ತರಭಾಗದ ಚೋಳನಾಯಕನಹಳ್ಳಿಯಲ್ಲಿ ಸುಮಂಗಲಿ ಸೇವಾಶ್ರಮವನ್ನು ತೆರೆದು, ನಿರಾಶ್ರಿತ ಸ್ತ್ರೀಯರನ್ನೂ ಮಕ್ಕಳನ್ನೂ ಒಂದೇ ಸೂರಿನ ಕೆಳಗೆ ಇರಿಸಿಕೊಂಡರು. ತಾಯಿಯನ್ನು ಬಿಟ್ಟು ಮಗುವನ್ನು ಮಾತ್ರ ಉದ್ಧರಿಸಲಾಗದೆಂಬ ತಿಳಿವಳಿಕೆಯು 1913ರ ಸಮಾಜಗಳಿಂದ ಅಲ್ಲಿಯವರೆಗೆ ಹರಿದುಬಂದಿದೆ.

ಉಮಾಬಾಯಿಯವರು ಸ್ವಾತಂತ್ರ್ಯಯೋಧರಿಗೆ ಸಲ್ಲುವ ತಾಮ್ರಪತ್ರವನ್ನೂ ವೇತನವನ್ನೂ ಒಲ್ಲೆನೆಂದು, ಹುಬ್ಬಳ್ಳಿಯ ‘ಆನಂದಸ್ಮೃತಿ’ಯೆಂಬ ಪುಟ್ಟ ಮನೆಯಲ್ಲಿಯೇ ಇದ್ದು 1992ರಲ್ಲಿ ದೇಹವಿಟ್ಟರು. ಇತ್ತ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕಲ್ಯಾಣಮ್ಮನವರ ಸಂಸ್ಥೆಯಿರುವ ವೃತ್ತಕ್ಕೆ ಮಕ್ಕಳ ಕೂಟವೆಂದೇ ಹೆಸರು ನಿಂತಿದೆ. ತ್ಯಾಗರಾಜನಗರ, ಬಸವನಗುಡಿಗಳ ಕಡೆಯಿಂದ ಕೃಷ್ಣರಾಜ ಮಾರುಕಟ್ಟೆಗೆ ಹೋಗುವವರು ಬಸ್ಸಿನಲ್ಲಿ ಆ ಹೆಸರನ್ನು ಹೇಳಿ ಚೀಟಿ ಕೊಳ್ಳುವರು. ಆ ಹೆಸರನ್ನು ಇಟ್ಟವರು ಯಾರೆಂದು ಚೀಟಿ ಕೊಡುವವನಿಗೂ ತಿಳಿಯದು, ಕೊಳ್ಳುವವರಿಗೂ ತಿಳಿಯದು.